ಅಮೆರಿಕದ ಆರೋಗ್ಯ ವಿಮಾ ಮಾರುಕಟ್ಟೆಯ ದತ್ತಾಂಶವನ್ನು ಎಐ ಕೋಡಿಂಗ್ ಸಹಾಯಕಕ್ಕೆ ಜೋಡಿಸುವ ಬಗೆ: ಅನುಭವ ಹಂಚಿಕೆ

ಪ್ರಶ್ನೆ

ನಾವು ಟೆಕ್ಸಾಸಿನ ಫ್ರಿಸ್ಕೊ ನಗರದಲ್ಲಿದ್ದೇವೆ. 65 ದಾಟಿದ ನನ್ನ ತಂದೆತಾಯಿ ಗ್ರೀನ್ ಕಾರ್ಡ್ ಪಡೆದು ಈಚೆಗೆ ಹಾಸನದಿಂದ ಬಂದು ನಮ್ಮೊಂದಿಗೆ ನೆಲೆಸಿದ್ದಾರೆ. ಇಲ್ಲಿ ಐದು ವರ್ಷ ವಾಸಿಸುವವರೆಗೆ ಅವರಿಗೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕೊಳ್ಳಲು ಅವಕಾಶವಿಲ್ಲದ ಕಾರಣ ಹೆಲ್ತ್‌ಕೇರ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದ ಮಾರುಕಟ್ಟೆಯಲ್ಲೇ ಯೋಜನೆ ಹುಡುಕಬೇಕಾಗಿದೆ. ಇದೇ ಸ್ಥಿತಿಯಲ್ಲಿರುವ ಕನ್ನಡ ಕುಟುಂಬಗಳು ಇಲ್ಲಿ ಇನ್ನೂ ಇವೆ. ಎಲ್ಲರಿಗೂ ಉಪಯೋಗವಾಗುವಂತೆ ಯೋಜನೆಗಳನ್ನು ಹೋಲಿಸುವ ಚಿಕ್ಕ ತಂತ್ರಾಂಶವೊಂದನ್ನು ಎಐ ಕೋಡಿಂಗ್ ಸಹಾಯಕದ ನೆರವಿನಿಂದ ಬರೆಯಬೇಕೆಂದಿದ್ದೇನೆ. ಮಾರುಕಟ್ಟೆಯ ದತ್ತಾಂಶವನ್ನು ಸಹಾಯಕಕ್ಕೆ ನೇರವಾಗಿ ಜೋಡಿಸಿ ನೋಡಿದವರು ಎಲ್ಲಿಂದ ಆರಂಭಿಸಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂದು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಪ್ರೀಮಿಯಂ, ಅದಕ್ಕೆ ಸರ್ಕಾರ ಕೊಡುವ ಸಹಾಯಧನ, ಡಿಡಕ್ಟಿಬಲ್ (ವಿಮೆ ಕೊಡಲಾರಂಭಿಸುವ ಮುನ್ನ ನಾವೇ ಭರಿಸಬೇಕಾದ ಮೊತ್ತ) ಮುಂತಾಗಿ ಹಣಕ್ಕೆ ಸಂಬಂಧಿಸಿದ ಯಾವ ಅಂಕಿಯನ್ನೂ ಸಹಾಯಕವು ತನ್ನ ನೆನಪಿನಿಂದ ಹೇಳದಂತೆ, ತಾನೇ ಲೆಕ್ಕ ಹಾಕದಂತೆ ಮೊದಲೇ ಕಟ್ಟುಪಾಡು ಮಾಡಿಕೊಳ್ಳಿ. ನನ್ನ ಉಳಿದ ಸಲಹೆಗಳೆಲ್ಲ ಇದರಿಂದಲೇ ಹುಟ್ಟಿದವು. 2021ರ ಕಾನೂನು ಸಹಾಯಧನವನ್ನು ತಾತ್ಕಾಲಿಕವಾಗಿ ಹೆಚ್ಚಿಸಿತು, 2022ರ ಕಾನೂನು ಅದನ್ನು 2025ರ ಕೊನೆಯವರೆಗೆ ಮುಂದುವರಿಸಿತು. ಸಹಾಯಕವು ಕಲಿತಿರುವ ಪಠ್ಯದಲ್ಲಿ ಬೇರೆ ಬೇರೆ ವರ್ಷಗಳ ನಿಯಮಗಳು ಬೆರೆತುಹೋಗಿರುವುದರಿಂದ, ಕೇಳಿದರೆ ಅದು ಯಾವುದೋ ಒಂದು ವರ್ಷದ ನಿಯಮವನ್ನು ಹಿಡಿದು ಪೂರ್ಣ ವಿಶ್ವಾಸದಿಂದ ಉತ್ತರಿಸುತ್ತದೆ. ಆ ಅಂಕಿಯನ್ನು ನಂಬಿ ಒಂದು ಕುಟುಂಬ ಯೋಜನೆ ಆರಿಸಿಕೊಂಡರೆ ಆಗುವ ನಷ್ಟ ನಿಜವಾದ ನಷ್ಟ.

ಅಂಕಿ ಬರಬೇಕಾದ ಮೂಲ, ಈ ಮಾರುಕಟ್ಟೆಯನ್ನು ನಡೆಸುವ ಸರ್ಕಾರಿ ಸಂಸ್ಥೆ ಸಿಎಂಎಸ್‌ನ ಮಾರ್ಕೆಟ್‌ಪ್ಲೇಸ್ ಎಪಿಐ, ಅಂದರೆ ತಂತ್ರಾಂಶಗಳು ದತ್ತಾಂಶ ಕೇಳಿ ಪಡೆಯುವ ದ್ವಾರ. ಅರ್ಜಿ ಸಲ್ಲಿಸಿ ಕೀ (ಪ್ರವೇಶದ ಗುಪ್ತ ಸಂಕೇತ) ಪಡೆಯಬೇಕು. ಪಿನ್‌ಕೋಡಿನಂತಿರುವ ಜಿಪ್ ಸಂಖ್ಯೆ ಕೊಟ್ಟರೆ ಅದು ಕೌಂಟಿಗಳನ್ನು (ನಮ್ಮ ಜಿಲ್ಲೆಯಂಥ ವಿಭಾಗಗಳನ್ನು) ಕೊಡುತ್ತದೆ. ಕೌಂಟಿ, ಯೋಜನಾ ವರ್ಷ, ಕುಟುಂಬದವರ ವಯಸ್ಸು, ತಂಬಾಕು ಬಳಕೆ ಮತ್ತು ಆದಾಯ ಕೊಟ್ಟರೆ ಲಭ್ಯವಿರುವ ಯೋಜನೆಗಳನ್ನೂ ಅಂದಾಜು ಸಹಾಯಧನವನ್ನೂ ಕೊಡುತ್ತದೆ. ಇದನ್ನು ಸಹಾಯಕಕ್ಕೆ ಜೋಡಿಸಲು ಆಂಥ್ರೊಪಿಕ್ ಕಂಪನಿ 2024ರ ನವೆಂಬರಿನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ, ಸಾಕು. ಕೋಡ್ ಬರೆಯುವ ಸಾಧನಗಳಾದ ಕ್ಲಾಡ್ ಕೋಡ್, ಕರ್ಸರ್, ವಿಎಸ್ ಕೋಡ್ ಮೂರೂ ಅದನ್ನು ಬಲ್ಲವು.

ಎಪಿಐಯಲ್ಲಿರುವ ಎಲ್ಲವನ್ನೂ ಒಂದೊಂದು ಟೂಲ್ (ಸಹಾಯಕ ಕರೆದು ಬಳಸುವ ಚಿಕ್ಕ ಕಾರ್ಯ) ಮಾಡಿ ಸಹಾಯಕದ ಮುಂದೆ ಸುರಿಯುವ ಸಿದ್ಧ ಪರಿವರ್ತಕಗಳಿವೆ. ಅವುಗಳನ್ನು ಬಳಸದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದು ಯೋಜನೆಯ ಪೂರ್ಣ ವಿವರ ಬಹಳ ಉದ್ದವಾಗಿರುತ್ತದೆ. ಅಂಥವು ಹತ್ತಾರು ಒಟ್ಟಿಗೆ ಬಂದರೆ ಸಹಾಯಕದ ಓದಿನ ಮಿತಿ ಅದರಲ್ಲೇ ತುಂಬಿ, ನೀವು ಆರಂಭದಲ್ಲಿ ಕೊಟ್ಟ ಸೂಚನೆಗಳು ಹಿಂದೆ ಬೀಳುತ್ತವೆ. ಕೌಂಟಿ ಹುಡುಕುವುದು, ಸಹಾಯಧನ ಅಂದಾಜಿಸುವುದು, ಯೋಜನೆ ಹುಡುಕುವುದು, ಒಂದು ಯೋಜನೆಯ ವಿವರ ತರುವುದು, ಇಷ್ಟು ಟೂಲ್‌ಗಳನ್ನು ಕೈಯಾರೆ ಬರೆಯಿರಿ. ಹುಡುಕಾಟದ ಫಲಿತಾಂಶದಲ್ಲಿ ಯೋಜನೆಯ ಗುರುತು, ಹೆಸರು, ಲೋಹದ ದರ್ಜೆ (ಬ್ರಾಂಜ್, ಸಿಲ್ವರ್, ಗೋಲ್ಡ್ ಮುಂತಾದುದು), ಎಚ್‌ಎಂಒ ಅಥವಾ ಪಿಪಿಒ ಎಂಬ ವೈದ್ಯರ ಜಾಲದ ಬಗೆ, ಸಹಾಯಧನಕ್ಕೆ ಮುಂಚಿನ ಮತ್ತು ನಂತರದ ಪ್ರೀಮಿಯಂ, ಡಿಡಕ್ಟಿಬಲ್, ವರ್ಷದ ಗರಿಷ್ಠ ಸ್ವಂತ ಖರ್ಚು, ಇವಿಷ್ಟನ್ನೇ ಕೊಡಿ. ಹುಡುಕಾಟದ ಉತ್ತರ ಪುಟಪುಟವಾಗಿ ಬರುವುದರಿಂದ ಒಟ್ಟು ಎಷ್ಟು ಯೋಜನೆಗಳಿವೆ, ಈಗ ಎಷ್ಟನ್ನು ಕೊಟ್ಟಿದ್ದೇವೆ ಎಂಬುದನ್ನೂ ಟೂಲ್ ತಿಳಿಸಬೇಕು. ತಿಳಿಸದಿದ್ದರೆ ಸಹಾಯಕವು ಮೊದಲ ಪುಟದಲ್ಲಿರುವ ಅಗ್ಗದ ಯೋಜನೆಯನ್ನೇ ಮಾರುಕಟ್ಟೆಯ ಅತಿ ಅಗ್ಗದ ಯೋಜನೆಯೆಂದು ಘೋಷಿಸುತ್ತದೆ.

ಯೋಜನಾ ವರ್ಷಕ್ಕೆ ಪೂರ್ವನಿಗದಿ ಮೌಲ್ಯ ಇಡಬೇಡಿ, ಪ್ರತಿ ಬಾರಿಯೂ ಕೇಳಿ ಪಡೆಯುವಂತಿರಲಿ. ಕೌಂಟಿಯ ವಿಷಯದಲ್ಲೂ ಹಾಗೆಯೇ. ನಿಮ್ಮ ಫ್ರಿಸ್ಕೊ ಕಾಲಿನ್, ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ, ಯೋಜನೆಯ ಸೇವಾ ವ್ಯಾಪ್ತಿ ನಿಗದಿಯಾಗುವುದು ಸಾಮಾನ್ಯವಾಗಿ ಕೌಂಟಿಯ ಲೆಕ್ಕದಲ್ಲಿ. ಒಂದು ಜಿಪ್ ಸಂಖ್ಯೆಗೆ ಎರಡು ಕೌಂಟಿ ಬಂದರೆ ಸಹಾಯಕ ಮೊದಲನೆಯದನ್ನು ಎತ್ತಿಕೊಂಡು ಮುಂದೆ ಹೋಗದೆ ಬಳಕೆದಾರರನ್ನು ಕೇಳುವಂತೆ ಟೂಲಿನ ವಿವರಣೆಯಲ್ಲೇ ಬರೆಯಿರಿ. ಕೌಂಟಿ ಸಂಕೇತವನ್ನು ಸಂಖ್ಯೆಯಾಗಿಸದೆ ಪಠ್ಯವಾಗಿಯೇ (ಸ್ಟ್ರಿಂಗ್) ಉಳಿಸಿಕೊಳ್ಳುವುದೂ ಮುಖ್ಯ. ಟೆಕ್ಸಾಸಿನ ಸಂಕೇತಗಳು 48ರಿಂದ ಆರಂಭವಾಗುವುದರಿಂದ ನಿಮಗೆ ತೊಂದರೆ ಕಾಣಿಸದಿರಬಹುದು. ಆದರೆ ಅಲಬಾಮಾದ ಜೆಫರ್ಸನ್ ಕೌಂಟಿಯ 01073 ಎಂಬುದನ್ನು ಸಂಖ್ಯೆಯೆಂದು ಓದಿದೊಡನೆ ಮುಂದಿನ ಸೊನ್ನೆ ಕಳೆದುಹೋಗಿ ಹುಡುಕಾಟ ಬರಿದಾಗುತ್ತದೆ.

ಕೋಡ್ ಬರೆಯುವ ಮೊದಲು ಎಪಿಐಯ ಅಧಿಕೃತ ವಿವರಣಾ ಕಡತವನ್ನು ಸಹಾಯಕದ ಕೈಗೆ ಕೊಡಿ, ಇಲ್ಲವಾದರೆ ಕೇಳಲು ಸರಿಯೆನಿಸುವ, ಆದರೆ ಎಲ್ಲೂ ಇಲ್ಲದ ವಿಳಾಸಗಳನ್ನು ಅದು ಕಟ್ಟಿಕೊಡುತ್ತದೆ. ಎಂಸಿಪಿ ಸರ್ವರ್ (ಟೂಲ್‌ಗಳನ್ನು ಸಹಾಯಕಕ್ಕೆ ಒದಗಿಸುವ ನಿಮ್ಮ ಪ್ರೋಗ್ರಾಂ) ನಿಮ್ಮ ಯಂತ್ರದಲ್ಲೇ ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಮೂಲಕ ಮಾತನಾಡುವಾಗ ಒಂದೇ ಒಂದು ಪ್ರಿಂಟ್ ಸಾಲು ಸಹ ಸಂಭಾಷಣೆಯನ್ನು ಕೆಡಿಸುತ್ತದೆ. ಲಾಗ್ ಸಾಲುಗಳೆಲ್ಲ ಸ್ಟ್ಯಾಂಡರ್ಡ್ ಎರರ್ ಕಡೆಗೆ ಹೋಗಲಿ. ಕೀಯನ್ನು ಪರಿಸರ ಚರದಲ್ಲಿಡಿ (ಎನ್ವಿರಾನ್‌ಮೆಂಟ್ ವೇರಿಯಬಲ್). ಕೋಡ್ ಇರುವ ಫೋಲ್ಡರಿನೊಳಗಿನ ಕಡತದಲ್ಲಿಟ್ಟರೆ ಸಹಾಯಕ ಅದನ್ನೂ ಓದಬಲ್ಲದು.

ಪರೀಕ್ಷೆಗೆ ಒಂದು ಗಟ್ಟಿ ಆಧಾರವಿದೆ. ಟೆಕ್ಸಾಸ್ ಬಳಸುವ ಕೇಂದ್ರ ಸರ್ಕಾರದ ವಯೋಮಾನ ಕೋಷ್ಟಕದಲ್ಲಿ 21 ವರ್ಷದವರ ಪ್ರೀಮಿಯಮ್ಮಿನ ಗುಣಕ 1 ಆದರೆ 40ಕ್ಕೆ 1.278, 64 ಮತ್ತು ಮೇಲ್ಪಟ್ಟವರಿಗೆ 3. ತಂಬಾಕು ಬಳಸದ ಇಬ್ಬರನ್ನು, ಒಬ್ಬರಿಗೆ 21, ಇನ್ನೊಬ್ಬರಿಗೆ 64 ಎಂದಿಟ್ಟು, ಒಂದೇ ಯೋಜನೆಯ ಪೂರ್ಣ ಪ್ರೀಮಿಯಂ ತರಿಸಿದಾಗ ಅನುಪಾತ ಮೂರಕ್ಕೆ ಹತ್ತಿರವಿಲ್ಲದಿದ್ದರೆ ನಿಮ್ಮ ಜೋಡಣೆಯಲ್ಲಿ ಎಲ್ಲೋ ದೋಷವಿದೆ ಎಂದರ್ಥ. ಈ ಪರೀಕ್ಷೆಯನ್ನು ಸಹಾಯಕದಿಂದಲೇ ಬರೆಸಿ, ಕೋಡ್ ಬದಲಾದಾಗಲೆಲ್ಲ ಓಡಿಸಿ.

ಎರಡನೆಯ ಉತ್ತರ

ಬರೀ ಹೋಲಿಕೆಗೆ ಎಪಿಐ ಸಾಕು. ಹಿಂದಿನ ವರ್ಷಗಳೊಂದಿಗೆ ದರ ತಾಳೆ ನೋಡಬೇಕಾದರೆ 2014ರಿಂದ ಇರುವ ಸಿಎಂಎಸ್‌ನ ಸಾರ್ವಜನಿಕ ಕಡತಗಳನ್ನು ಇಳಿಸಿಕೊಂಡು ಡಕ್‌ಡಿಬಿ ಅಥವಾ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿಟ್ಟು, ಓದಲು ಮಾತ್ರ ಅನುಮತಿ ಕೊಟ್ಟು ಸಹಾಯಕಕ್ಕೆ ಜೋಡಿಸಿ. ದರದ ಕಡತದಲ್ಲಿ ಕೌಂಟಿ ಇರುವುದಿಲ್ಲ, ದರ ವಲಯ (ದರ ನಿಗದಿಗಾಗಿ ಗುರುತಿಸಿದ ಪ್ರದೇಶ) ಇರುತ್ತದೆ. ಟೆಕ್ಸಾಸಿನಲ್ಲಿ ಇಂಥ ಹಲವು ವಲಯಗಳಿವೆ, ಫ್ಲಾರಿಡಾದಲ್ಲಿ ಕೌಂಟಿಗೊಂದರಂತೆ 67. ಹಲ್ಲಿನ ಚಿಕಿತ್ಸೆಗೆ ಮಾತ್ರ ಇರುವ ಯೋಜನೆಗಳೂ ಅದೇ ಕಡತದಲ್ಲಿ ಬೆರೆತಿರುವುದರಿಂದ, ಅವನ್ನು ಬೇರ್ಪಡಿಸದೆ ಸರಾಸರಿ ಕೇಳಿದರೆ ಉತ್ತರ ನಂಬಲಾಗದಷ್ಟು ಕಡಿಮೆ ಬರುತ್ತದೆ. ಹಳೆಯ ವರ್ಷಗಳಲ್ಲಿ 9999 ಎಂಬ, ನಿಜವಾದ ದರವಲ್ಲದ ಸ್ಥಾನಪೂರಕ ಅಂಕಿಯೂ ಇದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಂತೆ ಸ್ವಂತ ಮಾರುಕಟ್ಟೆ ನಡೆಸುವ ರಾಜ್ಯಗಳ ಯೋಜನೆಗಳನ್ನು ಈ ಕಡತಗಳಲ್ಲಿ ಹುಡುಕಬೇಡಿ. ಆ ರಾಜ್ಯಗಳ ಕುಟುಂಬಗಳು ಕೇಳಿದಾಗ ನಿಮ್ಮ ತಂತ್ರಾಂಶ ಆಯಾ ರಾಜ್ಯದ ಮಾರುಕಟ್ಟೆಯನ್ನು ತೋರಿಸಿ ಅಲ್ಲಿಗೇ ನಿಲ್ಲಬೇಕು.

ಮೂರನೆಯ ಉತ್ತರ

ವಯಸ್ಸಾದವರಿಗೆ ಯೋಜನೆ ಆರಿಸುವಾಗ ಪ್ರೀಮಿಯಮ್ಮಿನಷ್ಟೇ ತೂಕ ಔಷಧಿಗೂ ಇದೆ, ಅದನ್ನು ಯಾರೂ ಪ್ರಸ್ತಾಪಿಸಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಯೋಜನೆಯೊಂದು ನಿರ್ದಿಷ್ಟ ಔಷಧಿಯನ್ನು ಒಳಗೊಂಡಿದೆಯೇ ಎಂದು ಕೇಳುವ ಸೌಲಭ್ಯ ಎಪಿಐಯಲ್ಲಿದೆ. ಆದರೆ ಅದು ನಡೆಯುವುದು ಆರ್‌ಎಕ್ಸ್‌ನಾರ್ಮ್ ಎಂಬ ಅಮೆರಿಕದ ಔಷಧ ಸಂಕೇತಗಳ ಮೇಲೆ. ಊರಿನಿಂದ ತಂದ ಚೀಟಿಯಲ್ಲಿ ಟೆಲ್ಮಾ, ಗ್ಲೈಕೋಮೆಟ್ ಎಂದಿರುತ್ತದೆ; ಈ ಭಾರತೀಯ ಹೆಸರುಗಳನ್ನು ಹಾಕಿದರೆ ಏನೂ ಸಿಗುವುದಿಲ್ಲ, ಕೆಲವೊಮ್ಮೆ ಸಹಾಯಕವು ಹತ್ತಿರದ ಕಾಗುಣಿತದ ಬೇರಾವುದೋ ಔಷಧಿಯನ್ನು ತಂದು ಕೂರಿಸಲು ಹೊರಡುತ್ತದೆ. ಅಂಥ ಊಹೆಗೆ ಸ್ವಲ್ಪವೂ ಎಡೆ ಕೊಡಬಾರದು. ಮಾತ್ರೆಯ ಪಟ್ಟಿಯ ಮೇಲೆ ಮುದ್ರಿತವಾಗಿರುವ ಮೂಲ ಹೆಸರನ್ನು, ಅಂದರೆ ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂಬುದನ್ನು, ಮಿಲಿಗ್ರಾಂ ಪ್ರಮಾಣದೊಂದಿಗೆ ಮನೆಯವರೇ ನೋಡಿ ತುಂಬಲಿ. ಎಪಿಐ ತೋರಿಸುವ ಔಷಧಗಳಿಂದ ಒಂದನ್ನು ಆಯ್ದು ದೃಢಪಡಿಸುವ ಕೆಲಸವೂ ಅವರದೇ ಆಗಿರಲಿ.

ವೈದ್ಯರ ಮತ್ತು ಔಷಧಗಳ ಪಟ್ಟಿಗಳು ವಿಮಾ ಕಂಪನಿಗಳೇ ಪ್ರಕಟಿಸುವ ಕಡತಗಳಿಂದ ಬರುತ್ತವೆ. ಅವುಗಳಲ್ಲಿರುವ ಯಾವ ಪಠ್ಯವನ್ನೂ ಸಹಾಯಕ ಆದೇಶವೆಂದು ಪಾಲಿಸದಂತೆ, ಕೇವಲ ಮಾಹಿತಿಯೆಂದು ಓದುವಂತೆ ನಿಮ್ಮ ಟೂಲ್ ಆ ಪಠ್ಯವನ್ನು ಬೇರ್ಪಡಿಸಿ ಕೊಡಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ತಂದೆತಾಯಿಗೆ ಇಲ್ಲಿ ಸ್ವಂತ ಆದಾಯವಿಲ್ಲ. ಆದಾಯದ ಜಾಗದಲ್ಲಿ ಸೊನ್ನೆ ತುಂಬಬಹುದೇ? ಬಳಗದ ಇತರರ ವಿವರಗಳನ್ನು ಸಹಾಯಕಕ್ಕೆ ಎಷ್ಟರ ಮಟ್ಟಿಗೆ ಕೊಡಬಹುದು?

ಮೊದಲು ಉತ್ತರಿಸಿದವರಿಂದ

ನಿಮ್ಮ ತೆರಿಗೆ ವಿವರಣಪತ್ರದಲ್ಲಿ ಅವರನ್ನು ಅವಲಂಬಿತರೆಂದು ತೋರಿಸುತ್ತಿದ್ದರೆ ಅವರ ಕುಟುಂಬವೆಂದರೆ ನಿಮ್ಮ ಇಡೀ ತೆರಿಗೆ ಕುಟುಂಬ, ಆದಾಯವೆಂದರೆ ನಿಮ್ಮೆಲ್ಲರ ಒಟ್ಟು ಆದಾಯ. ನಿಮಗೆ ಮತ್ತು ಮಕ್ಕಳಿಗೆ ಕಚೇರಿಯ ವಿಮೆ ಇದ್ದರೂ ನೀವು ಆ ಲೆಕ್ಕದಲ್ಲಿ ಇದ್ದೇ ಇರುತ್ತೀರಿ. ಹುಡುಕಾಟ ಮಾತ್ರ ತಂದೆತಾಯಿ ಇಬ್ಬರಿಗೆ. ಅವಲಂಬಿತರೆಂದು ತೋರಿಸದಿದ್ದರೆ ಲೆಕ್ಕ ಬೇರೆ, ಅದನ್ನು ತೆರಿಗೆ ಬಲ್ಲವರೊಂದಿಗೆ ತೀರ್ಮಾನಿಸಿಕೊಳ್ಳಿ. ಆದ್ದರಿಂದ ತಂತ್ರಾಂಶ ಕೇಳುವ ಮೊದಲ ಪ್ರಶ್ನೆಯೇ "ಇವರನ್ನು ಯಾರ ತೆರಿಗೆ ಪತ್ರದಲ್ಲಿ ತೋರಿಸುತ್ತೀರಿ?" ಎಂದಾಗಲಿ.

ವಿವರಗಳ ಬಗ್ಗೆ ಹೇಳುವುದಾದರೆ, ಹುಡುಕಾಟಕ್ಕೆ ಹೆಸರು, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಗ್ರೀನ್ ಕಾರ್ಡ್ ಸಂಖ್ಯೆ ಯಾವುದೂ ಬೇಕಿಲ್ಲ. ಅಂಥ ಜಾಗಗಳನ್ನು ತಂತ್ರಾಂಶದಲ್ಲಿ ಇಡಲೇಬೇಡಿ, ಕೋಡ್ ಪರೀಕ್ಷಿಸಲು ಕಲ್ಪಿತ ಕುಟುಂಬಗಳನ್ನೇ ಬಳಸಿ. ನಿಜವಾದ ಅರ್ಜಿಯನ್ನು ಪ್ರತಿ ಕುಟುಂಬವೂ ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ ತಾನೇ ತುಂಬಲಿ. ಅಲ್ಲಿ ಕಾಣುವ ಪ್ರೀಮಿಯಂ ನಿಮ್ಮ ಪರದೆಯ ಅಂಕಿಗಿಂತ ಬೇರೆಯಾಗಿದ್ದರೆ ಅಲ್ಲಿಯದೇ ಅಂತಿಮ ಎಂಬ ಸಾಲನ್ನು ಪ್ರತಿ ಫಲಿತಾಂಶದ ಮೇಲೂ ಕನ್ನಡದಲ್ಲಿ, ಹಿರಿಯರಿಗೆ ಓದಲಾಗುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ.