ಉಗಾಂಡಕ್ಕೆ ಆರು ತಿಂಗಳ ಸೇವೆಗೆ ಹೊರಟಿದ್ದೇನೆ, ಹೋಗಿ ಬಂದವರು ತಿಳಿಸಿ

ಸೋಮವಾರಪೇಟೆಯಿಂದ:
ನಮಸ್ಕಾರ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎರಡು ವರ್ಷ ಮಡಿಕೇರಿಯಲ್ಲಿ ಕೆಲಸ ಮಾಡಿದೆ. ಜನವರಿಯಲ್ಲಿ ಉಗಾಂಡದ ಮಸಾಕ ಹತ್ತಿರದ ಒಂದು ಹಳ್ಳಿ ಕ್ಲಿನಿಕ್ಕಿಗೆ ಸ್ವಯಂಸೇವಕಿಯಾಗಿ ಹೋಗುವುದು ಅಂತ ಇದೆ. ಅಮ್ಮನಿಗೆ ತುಂಬಾ ಭಯ. ಏನೇನು ತಯಾರಿ ಬೇಕು? ಆಫ್ರಿಕಾ ಕಡೆ ಇದ್ದು ಬಂದವರು ದಯವಿಟ್ಟು ಹೇಳಿ.

ಗೋಣಿಕೊಪ್ಪದಿಂದ:
ತಂಗಿ, ನಾನು ಮಸಾಕ ಕಡೆಯೇ ಎಂಟು ತಿಂಗಳು ಇದ್ದೆ, ಕಾಫಿ ಬೆಳೆಗಾರರ ಜೊತೆ. ಬ್ಯಾಗಿನ ಚಿಂತೆ ಆಮೇಲೆ, ಮೊದಲು ಲಸಿಕೆ ಮತ್ತು ಕಾಗದಪತ್ರ. ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ಆಗಿರಲೇಬೇಕು. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಆ ಲಸಿಕೆಯ ಕಾರ್ಡು ಕೇಳುತ್ತಾರೆ, ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕ ಇಡುತ್ತಾರೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುವುದು. ನಾನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಹಾಕಿಸಿದ 10 ದಿನದ ಮೇಲಷ್ಟೇ ಕಾರ್ಡು ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆ ಅಲರ್ಜಿ ಇದ್ದರೆ ಮೊದಲೇ ಹೇಳು. ನೀನು ನರ್ಸ್, ಹೆಪಟೈಟಿಸ್ ಬಿ ಮೂರೂ ಡೋಸ್ ಆಗಿದೆಯಾ ನೋಡಿಕೋ. ಆಗಿಲ್ಲದಿದ್ದರೆ ಅದಕ್ಕೆ 6 ತಿಂಗಳು ಬೇಕು, ಇವತ್ತೇ ಡಾಕ್ಟರ ಹತ್ತಿರ ಮಾತಾಡು.

ಸಂಬಳ ಇಲ್ಲದಿದ್ದರೂ ಕೆಲಸ ಕೆಲಸವೇ. ಪ್ರವಾಸಿ ವೀಸಾದಲ್ಲಿ ಹೋಗಿ ದುಡಿಯಲು ಯಾರು ಹೇಳಿದರೂ ಒಪ್ಪಬೇಡ. ಅಲ್ಲಿನ ನರ್ಸಿಂಗ್ ಕೌನ್ಸಿಲಿನ ನೋಂದಣಿ ಕ್ಲಿನಿಕ್ಕಿನವರು ಮಾಡಿಸುತ್ತಾರಾ ಎಂದು ಬರಹದಲ್ಲಿ ಕೇಳು.

ಇನ್ನೊಂದು ವಿಷಯ, ನನಗೆ ಇದೇ ದೊಡ್ಡದು. ಅಲ್ಲಿ ರೋಬಸ್ಟಾ ಕಾಫಿ ತೋಟದೊಳಗೆಲ್ಲ ಬಾಳೆ. ಹೋದ ಎರಡನೇ ವಾರವೇ ನಾನು, ಬಾಳೆ ತೆಗೆಯಿರಿ, ಕಾಫಿಗೆ ಗೊಬ್ಬರ ಸಿಗಲಿ ಅಂದುಬಿಟ್ಟೆ. ಯಾರೂ ಎದುರು ಮಾತಾಡಲಿಲ್ಲ, ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಬ್ಬರು ಅಜ್ಜಿ ಮನೆಗೆ ಕರೆದು, ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಮಟೋಕೆ ಬಡಿಸಿದರು. ಹಸಿ ಬಾಳೆಕಾಯಿ ಅದು, ಅವರ ದಿನದ ಊಟ. ಕಾಫಿ ದುಡ್ಡು ಬರುವುದು ಕುಯ್ಲಿನಲ್ಲಿ, ಹೊಟ್ಟೆಗೆ ಮಾತ್ರ ದಿನಾ ಬೇಕಲ್ಲ. ನನಗೆ ಅವತ್ತು ಅರ್ಥವಾಯಿತು. ಹೊರಡುವಾಗ ಬೇಯಿಸಿ ಒಣಗಿಸಿದ ಕಾಫಿ ಕಾಯಿ ನಾಲ್ಕು ಅಂಗೈಗೆ ಹಾಕಿ ಜಗಿಯಲು ಕೊಟ್ಟರು. ನಮ್ಮಲ್ಲಿ ಬಂದವರಿಗೆ ಬೆಲ್ಲದ ಕಾಫಿ ಕೊಡುವ ಹಾಗೆ.

ಲುಗಾಂಡ ಭಾಷೆಯ ನಾಲ್ಕು ಮಾತು ಕಲಿತು ಹೋಗು. ಕೆಲಸ ಮಾಡುತ್ತಿರುವವರನ್ನು ಕಂಡರೆ 'ಗ್ಯೆಬಲೆ ಕೊ' ಅನ್ನಬೇಕು, ದುಡಿದಿದ್ದಕ್ಕೆ ಮೆಚ್ಚುಗೆ ಅದು. ಕುಶಲ ಕೇಳದೆ ನೇರ ವಿಷಯಕ್ಕೆ ಹೋದರೆ ಒರಟು ಅಂತ ಅನಿಸುತ್ತದೆ ಅವರಿಗೆ. ಡಾಲರ್ ತಗೊಂಡರೆ ಹೊಸ ನೋಟೇ ಇರಲಿ, ಹಳೆಯದಕ್ಕೆ ಕಡಿಮೆ ದರ. ಪ್ಲಗ್ಗು ಅಲ್ಲಿ ಚಪ್ಪಟೆ ಮೂರು ಪಿನ್ನಿನದು.

ವಿರಾಜಪೇಟೆಯಿಂದ, ನಿವೃತ್ತ ಸೈನಿಕ:
ಮಗಳೇ, ನಾನು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಕಾಂಗೋದ ಗೋಮಾದಲ್ಲಿದ್ದೆ. ಮೊದಲು ಮಲೇರಿಯಾ ಬಗ್ಗೆ ಹೇಳುತ್ತೇನೆ. ಅದು ಬಾರದಂತೆ ಯಾವ ಮಾತ್ರೆ ಅಂತ ಡಾಕ್ಟರು ಹೇಳುತ್ತಾರೆ. ನಮಗೆ ಡಾಕ್ಸಿಸೈಕ್ಲಿನ್, ದಿನಕ್ಕೊಂದು. ಅಲ್ಲಿಂದ ಹೊರಟ ಮೇಲೂ 4 ವಾರ ನುಂಗಬೇಕು. ನಾನು ಊರಿಗೆ ಬಂದ ಖುಷಿಯಲ್ಲಿ ನಿಲ್ಲಿಸಿದೆ. ಹದಿನೈದು ದಿನಕ್ಕೆ ಚಳಿಜ್ವರ. ಹೊರಗೆ ಜಡಿಮಳೆ, ಮಳೆಗಾಲದ ಜ್ವರ ಅಂತಲೇ ಎಲ್ಲರೂ ತಿಳಿದರು. ಮೂರನೇ ದಿನ ನನ್ನ ಹೆಂಡತಿ ಡಾಕ್ಟರ ಹತ್ತಿರ 'ಇವರು ಕಾಂಗೋದಿಂದ ಬಂದವರು' ಅಂದಳು. ಆಗ ರಕ್ತ ನೋಡಿದರು, ಫಾಲ್ಸಿಪಾರಂ ಇತ್ತು, ಜೀವಕ್ಕೇ ಅಪಾಯದ ಮಲೇರಿಯಾ ಅದು. ಅವಳು ಆ ಮಾತು ಹೇಳದೆ ಹೋಗಿದ್ದರೆ ನಾನು ಇವತ್ತು ಬರೆಯುತ್ತಿರಲಿಲ್ಲ. ವಾಪಸ್ ಬಂದು ತಿಂಗಳುಗಟ್ಟಲೆ ಆದರೂ ಸರಿ, ಜ್ವರ ಬಂದರೆ ಎಲ್ಲಿಂದ ಬಂದೆ ಅನ್ನುವುದು ಮೊದಲ ಮಾತಾಗಲಿ. ಮಲಗುವಾಗ ಸೊಳ್ಳೆಪರದೆ ಹಾಸಿಗೆ ಕೆಳಗೆ ಸಿಕ್ಕಿಸು. ಬೋಡಾ ಬೋಡಾ ಅನ್ನುವ ಬಾಡಿಗೆ ಬೈಕು ರಾತ್ರಿ ಹತ್ತಬೇಡ, ಹಗಲಲ್ಲೂ ಹೆಲ್ಮೆಟ್ ಬೇಕು. ರೋಗಿಗೆ ಬಳಸಿದ ಸೂಜಿ ತಪ್ಪಿ ಚುಚ್ಚಿಕೊಂಡರೆ ಎಚ್ಐವಿ ತಡೆ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ನಿನಗೆ ಗೊತ್ತಿರುತ್ತದೆ. ಅದು ಆ ಕ್ಲಿನಿಕ್ಕಿನಲ್ಲಿ ಇದೆಯಾ ಎಂದು ಈಗಲೇ ಕೇಳು.

ಮಕ್ಕಂದೂರಿನಿಂದ:
ನಾನು ವಿದೇಶಕ್ಕೆ ಹೋದವಳಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರದಲ್ಲಿ ಮಲಗಿದವಳು. ಸಹಾಯ ಪಡೆದವರ ಕಡೆಯಿಂದ ಹೇಳುತ್ತೇನೆ. ನಾನಿದ್ದಲ್ಲಿ ಹಳೆ ಬಟ್ಟೆ ರಾಶಿ ಬಿದ್ದಿತ್ತು. ಮಾವನ ಬಿಪಿ ಮಾತ್ರೆ ಮನೆ ಜೊತೆ ಮಣ್ಣಲ್ಲಿ ಹೋಗಿದೆ ಅಂತ ಯಾರೂ ಕೇಳಿರಲಿಲ್ಲ. ಹೊರಗಿನಿಂದ ಬಂದ ಒಬ್ಬಳು ನರ್ಸ್ ಚಾಪೆ ಚಾಪೆಗೂ ಕೂತು, ಯಾವ ಮಾತ್ರೆ, ಯಾವ ಬಣ್ಣ, ಬೆಳಿಗ್ಗೆಯೋ ರಾತ್ರಿಯೋ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾಲ್ಕನೇ ದಿನ ಹೊರಡುವಾಗ ಅದನ್ನು ನಮ್ಮ ಆಶಾ ಕಾರ್ಯಕರ್ತೆ ಕೈಗೆ ಕೊಟ್ಟು ಹೋದಳು. ಆ ಪುಸ್ತಕ ನೋಡಿಯೇ ಮುಂದೆ ಎರಡು ತಿಂಗಳು ಔಷಧಿ ಬಂತು. ನೀವು ಹೋದ ಮೇಲೆ ಆ ಕೆಲಸ ಯಾರು ಮುಂದುವರಿಸುತ್ತಾರೆ ಅನ್ನುವುದನ್ನು ಹೋಗುವ ಮೊದಲೇ ಕ್ಲಿನಿಕ್ಕಿನವರ ಹತ್ತಿರ ಕೇಳಿ.

ಸೋಮವಾರಪೇಟೆಯಿಂದ:
ಎಲ್ಲರಿಗೂ ಕೈ ಮುಗಿಯುತ್ತೇನೆ. ಕ್ಲಿನಿಕ್ಕಿಗೆ ಇವತ್ತೇ ಬರೆದೆ: ವೀಸಾ, ನೋಂದಣಿ, ಎಚ್ಐವಿ ತಡೆ ಔಷಧಿ, ನನ್ನ ನಂತರ ಯಾರು. ಹೆಪಟೈಟಿಸ್ ಬಿ ಕಾಲೇಜಿನಲ್ಲೇ ಆಗಿದೆ. ಗೋಣಿಕೊಪ್ಪದ ಅಕ್ಕ, ಅಮ್ಮ ನಿಮ್ಮ ಹತ್ತಿರ ಒಮ್ಮೆ ಮಾತಾಡಬೇಕಂತೆ. ಭಾನುವಾರ ಮನೆಗೆ ಬರಬಹುದಾ?