ಅಪ್ಪನಿಗೆ ಹಕ್ಕಿ ನೋಡುವ ಆಸೆ, ಬೈನಾಕ್ಯುಲರ್ ಯಾವುದು ತೆಗೆಯುದು? ಅನುಭವ ಇದ್ದವರು ಹೇಳಿ

ಪೆರ್ಲದ ಮಗಳು: ಅಪ್ಪನಿಗೆ 68. ಕಣ್ಣಿನ ಪೊರೆ ಆಪರೇಷನ್ ಆದ್ಮೇಲೆ ಜಗಲಿಯಲ್ಲಿ ಕೂತು ಹಕ್ಕಿ ನೋಡುದೇ ಕೆಲಸ. ಕನ್ನಡಕ ಉಂಟು, ಕೈ ಸ್ವಲ್ಪ ನಡುಗ್ತದೆ. ಈ ಪ್ರಾಯದಲ್ಲಿ ತೆಗೆದ್ರೆ ಉಪಯೋಗ ಆಗ್ತದಾ?

ಸೀತಾಂಗೋಳಿಯವ: ಪ್ರಾಯ ಎಂತ ಮಾಡ್ತದೆ, ನಾನು ಶುರು ಮಾಡಿದ್ದೇ ರಿಟೈರ್ ಆದ್ಮೇಲೆ. ಆದ್ರೆ ನಮ್ಮ ಮಳೆಯ ಬಗ್ಗೆ ಅಂಗಡಿಯವ್ರು ಹೇಳುದಿಲ್ಲ. 11,400 ಕೊಟ್ಟು 8x42 (ಎಂಟು ಪಟ್ಟು ದೊಡ್ಡದು ಕಾಣುದು, ಎದುರಿನ ಗ್ಲಾಸು 42 ಮಿ.ಮೀ.) ತೆಗೆದದ್ದು, ಆಟಿ ತಿಂಗಳ ಮಳೆ ಕಳೆದು ಕಪಾಟಿಂದ ತೆಗೆದ್ರೆ ಗ್ಲಾಸಿನ ಒಳಗೆ ಇಡೀ ಫಂಗಸ್! ಮಂಗಳೂರಲ್ಲಿ ಕ್ಲೀನಿಗೆ 2,800, ಎರಡು ಸಲ ಹೋಗಿ ಬಂದ ಖರ್ಚು ಬೇರೆ, ಎಡದ್ದು ಈಗ್ಲೂ ಮಸುಕು. ಈಗ ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುದು. ಆದ್ರೂ ಬಿಡ್ಲಿಕ್ಕೆ ಮನಸ್ಸಿಲ್ಲ. ಮಳೆ ಮುಗಿದು ನವರಂಗ ಬಂದು ಅಡಿಕೆ ಬುಡದಲ್ಲಿ ತರಗೆಲೆ ಮಗುಚಿ ಹುಳ ಹೆಕ್ಕುದು ನೋಡ್ಬೇಕು, ಹಿಮಾಲಯದ ಬುಡದಿಂದ ಬರುವ ಹಕ್ಕಿ ಅದು!

ಮುಳ್ಳೇರಿಯದ ಅಕ್ಕ: ಅಷ್ಟು ದುಡ್ಡು ಯಾಕೆ? ನಾನು ಬಾವಿಕಟ್ಟೆ ಹತ್ರ ಅಗಲದ ಮಣ್ಣಿನ ಬೋಗುಣಿ ಇಟ್ಟದ್ದು, ದಿನಾ ತಿಕ್ಕಿ ನೀರು ಬದಲಿಸ್ಬೇಕು, ಇಲ್ಲದಿದ್ರೆ ನುಸಿ. ಪಿಕಳಾರ, ಮಡಿವಾಳ ಹಕ್ಕಿಗಳು ಬರ್ತವೆ. ಮಡಿವಾಳ ಬಾಲ ಎತ್ತಿ ನನ್ನನ್ನೇ ನೋಡಿ ಮತ್ತೆ ಮೀಯುದು.

ಕ್ಯಾಮರಾ ಕುಂಬಳೆ: ನವರಂಗಕ್ಕೆ ಕಾಯ್ಬೇಕಂತ ಇಲ್ಲ, ಫೋನಲ್ಲಿ ಅದರ ಕೂಗಿನ ರೆಕಾರ್ಡಿಂಗ್ ಹಾಕಿ, ಎದುರಿಗೇ ಬರ್ತದೆ. ನನಗೆ ಹಾಗೆ ಒಳ್ಳೊಳ್ಳೆ ಫೋಟೋ ಸಿಕ್ಕಿದ್ದು.

ಸೀತಾಂಗೋಳಿಯವ: ಇದನ್ನು ಹೆಮ್ಮೆಯಿಂದ ಹೇಳುದಾ ಮಾರಾಯ್ರೆ? ತನ್ನ ಜಾಗಕ್ಕೆ ಬೇರೆ ನವರಂಗ ನುಗ್ಗಿತು ಅಂತ ಅದು ಮೇವು ಬಿಟ್ಟು ಓಡಿ ಬರುದು!

ಕ್ಯಾಮರಾ ಕುಂಬಳೆ: ಒಂದು ನಿಮಿಷ ಹಾಕಿದ್ರೆ ಹಕ್ಕಿ ಸಾಯುದಿಲ್ಲ. ನಿಮ್ಮ ತೋಟಕ್ಕೆ ಔಷಧಿ ಬಿಡುದಿಲ್ವಾ?

ಸೀತಾಂಗೋಳಿಯವ: ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡದೆ ಅಡಿಕೆಯ ಕೊಳೆರೋಗಕ್ಕೆ ಎಂತ ಮಾಡುದು? ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಪಡ್ರೆಯವ: ಔಷಧಿಯ ಮಾತು ನಮ್ಮತ್ರ ಕೇಳಿ. ನಮ್ಮ ಕಾಸರಗೋಡಿನ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡುದು ನಿಂತದ್ದು 2000ದಲ್ಲಿ. ಅದಕ್ಕಿಂತ ಮೊದಲು ಮನೆ ಸುತ್ತ ಹಕ್ಕಿ ಕೂಗುದೇ ಕಮ್ಮಿ ಆಗಿತ್ತು, ನನ್ನ ಮಕ್ಕಳು ಹಾಗೇ ದೊಡ್ಡದಾದ್ದು. ಈಗ ಮೊಮ್ಮಗಳು ಕುಟುರ ಹಕ್ಕಿಯ ಕೂಗಿಗೆ ತಾನೂ ಕೂಗ್ತಾಳೆ, ನಾನು ಕೆಲಸ ಬಿಟ್ಟು ಕೇಳ್ತೇನೆ.

ಪೆರ್ಲದ ಮಗಳು: ಎಲ್ಲ ಸರಿ, ಅಪ್ಪನ ಕೈ ನಡುಗುದಕ್ಕೆ ಯಾವುದು ಹೇಳಿ ಮಾರಾಯ್ರೆ!

ಮುಳ್ಳೇರಿಯದ ಅಕ್ಕ: ಬೋಗುಣಿ ಇಡಿ ತಂಗಿ.

ಸೀತಾಂಗೋಳಿಯವ: 10x ಬೇಡ, ನಡುಕ ಜಾಸ್ತಿ ಕಾಣ್ತದೆ. 8x32 ಹಗುರ. ಕನ್ನಡಕ ಇದ್ರೆ ಕಣ್ಣಿನ ಹತ್ರದ ರಬ್ಬರ್ ಕೆಳಗೆ ಇಳಿಸಿ, ಮೊಣಕೈ ಕುರ್ಚಿ ಕೈಗೆ ಊರಿ ನೋಡ್ಲಿಕ್ಕೆ ಹೇಳಿ. ಮತ್ತೆ ಕುಂಬಳೆಯವ್ರೇ, ಬೋರ್ಡೋ ಎಂಡೋಸಲ್ಫಾನ್ ಅಲ್ಲ, ಮೊದಲು ತಿಳ್ಕೊಳ್ಳಿ.