ಬ್ಯಾಂಜೊ ಜೊತೆಗೆ ದುಡಿ ಹೊಂದುತ್ತದೆಯೇ?

ಪ್ರಶ್ನೆ – ವಿರಾಜಪೇಟೆ

ನಾವು ನಾಲ್ವರು ಗೆಳೆಯರು ಸೇರಿ ಒಂದು ಸಣ್ಣ ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಅಕೌಸ್ಟಿಕ್ ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೊ ಮತ್ತು ಬೇಸ್ ನುಡಿಸುತ್ತೇವೆ. ಕನ್ನಡದಲ್ಲೂ ಕೊಡವ ತಕ್ಕಿನಲ್ಲೂ (ಕೊಡವ ಭಾಷೆ) ಹಾಡುಗಳನ್ನು ನಾವೇ ಬರೆಯುತ್ತೇವೆ. ಕೇಳಿದವರಲ್ಲಿ ಕೆಲವರು ಇದನ್ನು ಆಲ್ಟ್ ಕಂಟ್ರಿ ಎನ್ನುತ್ತಾರೆ, ಕೆಲವರು ಅಮೆರಿಕಾನಾ ಎನ್ನುತ್ತಾರೆ, ಬರೀ ಫೋಕ್ ಎನ್ನುವವರೂ ಇದ್ದಾರೆ. ಇವುಗಳ ವ್ಯತ್ಯಾಸವನ್ನು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ. ಹಾಡುಗಳಿಗೆ ದುಡಿಯನ್ನು, ಅಂದರೆ ಕೈಯಲ್ಲಿ ಹಿಡಿದು ಬಾರಿಸುವ ಕೊಡಗಿನ ಸಣ್ಣ ಚರ್ಮವಾದ್ಯವನ್ನು, ಸೇರಿಸಿಕೊಳ್ಳುವ ಆಸೆಯೂ ನಮಗಿದೆ. ಆದರೆ ಅದು ಅಲಂಕಾರಕ್ಕೆಂದು ತಂದು ಅಂಟಿಸಿದಂತೆ ಆಗಬಾರದು.

ಉತ್ತರ – ಮಡಿಕೇರಿ

ಹೆಸರುಗಳ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಬಾಯಿಂದ ಬಾಯಿಗೆ ಬಂದ ಹಾಡು ಮತ್ತು ಅದೇ ಜಾಡಿನಲ್ಲಿ ಕಟ್ಟಿದ ಹೊಸ ಹಾಡು ಫೋಕ್. ಅಮೆರಿಕದ ಹಳ್ಳಿಗಾಡಿನ ಹಳೆಯ ಕಂಟ್ರಿ ಸಂಗೀತವನ್ನು ಪಂಕ್ ರಾಕ್‌ನ ಒರಟುತನದೊಂದಿಗೆ ಬೆರೆಸಿದವರಿಂದ ಆಲ್ಟ್ ಕಂಟ್ರಿ ಹೆಸರಾಯಿತು. ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಊರಿನಲ್ಲಿ 1987ರಲ್ಲಿ ಹುಟ್ಟಿದ ಅಂಕಲ್ ಟುಪೆಲೊ ಎಂಬ ಬ್ಯಾಂಡ್ ಅವರಲ್ಲಿ ಪ್ರಮುಖವಾದದ್ದು. 1990ರಲ್ಲಿ ಬಂದ ಅವರ ಮೊದಲ ಆಲ್ಬಂ ತನ್ನ ಹೆಸರನ್ನು ಪಡೆದದ್ದು ಹಳೆಯ ಕಂಟ್ರಿ ಗಾಯಕರಾದ ಕಾರ್ಟರ್ ಕುಟುಂಬ 1936ರಲ್ಲಿ ಧ್ವನಿಮುದ್ರಿಸಿದ್ದ ಹಾಡಿನಿಂದ. 1994ರಲ್ಲಿ ಆ ತಂಡ ಒಡೆದು ವಿಲ್ಕೊ ಮತ್ತು ಸನ್ ವೋಲ್ಟ್ ಎಂಬ ಎರಡು ಬ್ಯಾಂಡ್‌ಗಳಾದವು. ಇನ್ನು ಅಮೆರಿಕಾನಾ ಎಂಬುದು ಇವೆಲ್ಲವನ್ನೂ ಬ್ಲೂಸ್, ಬ್ಲೂಗ್ರಾಸ್‌ಗಳನ್ನೂ ಒಳಗೊಳ್ಳುವ ದೊಡ್ಡ ಹೆಸರು. 2010ರಿಂದ ಗ್ರ್ಯಾಮಿಯಲ್ಲಿ ಅದಕ್ಕೆ ಪ್ರತ್ಯೇಕ ಪ್ರಶಸ್ತಿಯೇ ಇದೆ.

ನಿಮ್ಮನ್ನು ಯಾರು ಏನೆಂದು ಕರೆದರೂ ಚಿಂತೆಯಿಲ್ಲ. ನನ್ನ ಕಾಳಜಿ ನಿಮ್ಮ ಸಾಹಿತ್ಯದ ಬಗ್ಗೆ. ಕಾರ್ಟರ್ ಕುಟುಂಬದವರು 1927ರಲ್ಲಿ ಅಮೆರಿಕದ ಬ್ರಿಸ್ಟಲ್ ಪಟ್ಟಣಕ್ಕೆ ಬಂದು ಮೊದಲ ಬಾರಿಗೆ ಧ್ವನಿಮುದ್ರಣ ಮಾಡಿದಾಗ ಹಾಡಿದ್ದು ತಮ್ಮ ಬೆಟ್ಟದ ಸೀಮೆಯ ಹಾಡುಗಳನ್ನೇ. ಅವರ ರಾಗ, ಅವರ ಕಾರ್ಡ್‌ಗಳನ್ನು ಧಾರಾಳವಾಗಿ ಕಲಿಯಿರಿ. ಆದರೆ ರೈಲು ಹಳಿಯೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಕುಳಿತು ಗೂಡ್ಸ್ ರೈಲು ಹತ್ತಿ ಹೊರಟವನ ಹಾಡು ಬರೆದರೆ ಅದನ್ನು ಯಾರು ನಂಬುತ್ತಾರೆ? ಬೆಂಗಳೂರಿನ ರಾತ್ರಿ ಬಸ್ಸಿಗೆ ಮಗನನ್ನು ಹತ್ತಿಸಿ ಒಬ್ಬಳೇ ತೋಟಕ್ಕೆ ಮರಳುವ ತಾಯಿ ಇಲ್ಲಿದ್ದಾಳೆ. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಮಾರ್ಚ್ ತಿಂಗಳೆಲ್ಲ ಆಕಾಶ ನೋಡುವ ಬೆಳೆಗಾರನಿದ್ದಾನೆ, ಅವನದೇ ತೋಟದ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದರೂ ಸ್ವಂತ ಜಾಗವಿಲ್ಲದ ಕಾರ್ಮಿಕನಿದ್ದಾನೆ. 2018ರ ಆಗಸ್ಟ್‌ನಲ್ಲಿ ಗುಡ್ಡದ ಜೊತೆ ಮನೆಯೂ ಜಾರಿಹೋದವರಿದ್ದಾರೆ. ಇವರ ಹಾಡುಗಳನ್ನು ನೀವಲ್ಲದೆ ಇನ್ನಾರು ಬರೆಯಬೇಕು?

ಉತ್ತರ – ಗೋಣಿಕೊಪ್ಪ

ದುಡಿಯ ಬಗ್ಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ. ದುಡಿಕೊಟ್ಟ್ ಪಾಟ್‌ನಲ್ಲಿ, ಅಂದರೆ ದುಡಿ ಬಾರಿಸುತ್ತ ಹಾಡುವ ಕೊಡವ ಹಾಡಿನಲ್ಲಿ, ಸಾಮಾನ್ಯವಾಗಿ ನಾಲ್ವರಿರುತ್ತಾರೆ. ಇಬ್ಬರು ಒಂದು ಸಾಲನ್ನು ಹಾಡುತ್ತಾರೆ, ಉಳಿದಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಹಾಡುವವನ ಒಂದು ಕೈಯಲ್ಲಿ ದುಡಿ, ಇನ್ನೊಂದು ಕೈಯಲ್ಲಿ ಕೋಲು. ಅಂದರೆ ದುಡಿಯು ಹಿಂದೆ ಕುಳಿತ ತಾಳವಾದ್ಯಗಾರನ ವಸ್ತುವಲ್ಲ, ಹಾಡುಗಾರನದೇ ವಾದ್ಯ. ಡ್ರಮ್ಸ್ ಬದಲಿಗೆ ಎಂದು ಅದನ್ನು ಮೂಲೆಯಲ್ಲಿ ಕೂರಿಸಿದರೆ ನೀವು ಹೆದರುತ್ತಿರುವ ಅಂಟಿಸಿದ ಗುಣ ಬಂದೇ ಬರುತ್ತದೆ. ಹಾಡಿನ ರಚನೆಯನ್ನೇ ಇಬ್ಬಿಬ್ಬರ ಸಾಲುಗಳಾಗಿ ಕಟ್ಟಿಕೊಂಡು ನೋಡಿ.

ಬ್ಯಾಂಜೊ ನುಡಿಸುವವರಿಗೂ ಒಂದು ಮಾತು. ಮೂರು ಬೆರಳಿನ ಬ್ಲೂಗ್ರಾಸ್ ಶೈಲಿಯಲ್ಲಿ ಸ್ವರಗಳು ಎಡೆಬಿಡದೆ ಉದುರುವುದರಿಂದ ದುಡಿಯ ಪೆಟ್ಟು ಅದರಲ್ಲಿ ಮುಳುಗುತ್ತದೆ. ಉಗುರಿನ ಹಿಂಬದಿಯಿಂದ ತಂತಿಯನ್ನು ಕೆಳಕ್ಕೆ ಹೊಡೆದು ಹೆಬ್ಬೆರಳಿನಿಂದ ಐದನೆಯ ತಂತಿಯನ್ನು ಮೀಟುವ ಕ್ಲಾಹ್ಯಾಮರ್ ಶೈಲಿ ಹೆಚ್ಚು ಹಳೆಯದು. ಬ್ಯಾಂಜೊವನ್ನು ಅಮೆರಿಕಕ್ಕೆ ಕೊಟ್ಟ ಆಫ್ರಿಕನ್ ಮೂಲದ ಜನರ ನುಡಿಸಾಣಿಕೆಗೆ ಹತ್ತಿರವಾದದ್ದು. ಅದರ ನಡುವೆ ಜಾಗವಿರುತ್ತದೆ, ದುಡಿ ಅಲ್ಲಿ ಕೇಳಿಸುತ್ತದೆ.

ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಸುಗ್ಗಿಯ ಹಬ್ಬವಾದ ಪುತ್ತರಿಯ ಹಾಡು, ಮದುವೆಯ ಹಾಡು, ಸಾವಿನ ಹಾಡು, ದೇವರ ಹಾಡು ಎಲ್ಲವೂ ಇವೆ. ಓದಿ, ಛಂದಸ್ಸನ್ನು ಕಿವಿಗೆ ಹಚ್ಚಿಕೊಳ್ಳಿ. ಸಾವಿನ ಹಾಡನ್ನೂ ದೇವರ ಹಾಡನ್ನೂ ಮಾತ್ರ ದಯವಿಟ್ಟು ವೇದಿಕೆಗೆ ತರಬೇಡಿ. ಅವುಗಳಿಗೆ ಅವುಗಳದೇ ಸ್ಥಳವಿದೆ. ಉಳಿದವನ್ನು ಬಳಸುವ ಮೊದಲು ಒಕ್ಕದ (ಮನೆತನದ) ಹಿರಿಯರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಉತ್ತರ – ಸಿದ್ದಾಪುರ

ಧ್ವನಿಮುದ್ರಣವನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. ಜುಲೈ ತಿಂಗಳ ತೇವಕ್ಕೆ ಗಿಟಾರ್‌ನ ಮೇಲ್ಹಲಗೆ ಉಬ್ಬುತ್ತದೆ, ತಂತಿಗಳು ಮೇಲೆದ್ದು ಒತ್ತುವುದೇ ಕಷ್ಟವಾಗುತ್ತದೆ. ನುಡಿಸದಿರುವಾಗ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪೆಟ್ಟಿಗೆಯೊಳಗೇ ಇಡಿ. ಬ್ಯಾಂಜೊಗೆ ಚರ್ಮದ ಬದಲು ಪ್ಲಾಸ್ಟಿಕ್ ಹೊದಿಕೆಯಿದ್ದರೆ ತೊಂದರೆ ಕಡಿಮೆ. ದುಡಿಯ ಚರ್ಮ ಸಡಿಲವಾದರೆ ಒಲೆಯ ಕಾವು ತೋರಿಸಲೇಬೇಕು.

ಪ್ರಶ್ನೆ ಕೇಳಿದವರು – ವಿರಾಜಪೇಟೆ

ಎಲ್ಲರಿಗೂ ಧನ್ಯವಾದಗಳು. ಹೂಮಳೆಯ ಬಗ್ಗೆ ಅರ್ಧ ಬರೆದ ಹಾಡೊಂದು ನಮ್ಮಲ್ಲಿದೆ; ಅದನ್ನೇ ಇಬ್ಬಿಬ್ಬರ ಸಾಲುಗಳಾಗಿ ಬದಲಿಸುತ್ತೇವೆ. ಗೋಣಿಕೊಪ್ಪದವರಲ್ಲಿ ಒಂದು ಸಂದೇಹ: ನಮ್ಮ ನಾಲ್ವರ ಕೈಯಲ್ಲೂ ವಾದ್ಯಗಳಿರುವಾಗ ದುಡಿ ಹಿಡಿಯುವವರು ಯಾರು?

ಉತ್ತರ – ಗೋಣಿಕೊಪ್ಪ

ಪಲ್ಲವಿಗೆ ಗಿಟಾರ್ ಮತ್ತು ಮ್ಯಾಂಡೊಲಿನ್ ನಿಲ್ಲಿಸಿ, ಆ ಇಬ್ಬರೇ ದುಡಿ ಹಿಡಿದು ಹಾಡಲಿ. ಬೇಸ್ ಮತ್ತು ಬ್ಯಾಂಜೊ ಅಷ್ಟು ಹೊತ್ತು ರಾಗವನ್ನು ಹೊತ್ತುಕೊಳ್ಳಬಲ್ಲವು.